ಸುರಿಯುವವಳ ಗುಟುಕು

ಕೆಳಗೆ ಅಡುಗೆಮನೆಯಲ್ಲಿ ಯಾವುದೋ ಭರಣಿಯ ಮುಚ್ಚಳ ತೆರೆದ ಸದ್ದಾಯಿತು. ಬಿಗಿಯಾಗಿ ಕೂತಿದ್ದ ರಬ್ಬರು ಗಾಜನ್ನು ಬಿಟ್ಟುಕೊಡುವಾಗ ಆಗುವಂಥ ಸಣ್ಣ ಸದ್ದು, ಮಲಗಿದವರು ತುಟಿ ತೆರೆದಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಭರಣಿ. ಆಮೇಲೆ ತಗಡಿನ ಡಬ್ಬಿ. ಅರ್ಮೆಲ್‌ಗೆ ಎಚ್ಚರವೇ ಇತ್ತು. ಒಂದು ವಾರದಿಂದ ಅವಳು ಹೀಗೆಯೇ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಬೆಳಗಾದರೆ ವೈನು ಇಡುವ ಗುಹೆಯಲ್ಲಿ ಪೀಪಾಯಿಗಳ ರುಚಿ ನೋಡುವ ದಿನ. ಯಾವ ಪೀಪಾಯಿಯ ವೈನು ಒಬಿನೆ ಮನೆತನದ ಹೆಸರಿನ ಬಾಟಲಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಅಪ್ಪ ಸೀಮೆಸುಣ್ಣದಲ್ಲಿ ಗುರುತು ಹಾಕುವ ದಿನ. ಸಾಲಿನ ಕೊನೆಯ ಪೀಪಾಯಿಗೆ ಇಲಿ ಹತ್ತಿತ್ತು. ಲ್ವಾರ್ ನದೀತೀರದವರು ಬಿಳಿ ವೈನಿಗೆ ಬರುವ ಒಂದು ಕೇಡಿಗೆ ಇಟ್ಟುಕೊಂಡ ಹೆಸರು ಅದು. ಮೂಗಿನ ಬಳಿ ಹಿಡಿದರೆ ಏನೂ ತಿಳಿಯದು. ಬಾಯಿಗೆ ಹಾಕಿಕೊಂಡಾಗಲೂ ಎಲ್ಲ ಸರಿಯಾಗಿಯೇ ಇರುತ್ತದೆ. ಉಗುಳಿ, ಬಾಯಿ ಇನ್ನೇನು ಆರಬೇಕು ಅನ್ನುವಾಗ ಗಂಟಲ ಹಿಂದಿನಿಂದ ಇಲಿಬೋನಿನ ನಾತ ಏರಿ ಬಂದು ನಾಲಿಗೆಯ ಮೇಲೆ ಕೂತುಬಿಡುತ್ತದೆ. ಅಂಥ ಒಂದು ಪೀಪಾಯಿಯನ್ನು ಉಳಿದವುಗಳ ಜೊತೆ ಬೆರೆಸಿದರೆ ಇಡೀ ವರ್ಷದ ವೈನು ಹೋಯಿತು. ಅದಕ್ಕೆ ಇಲಿ ಹತ್ತಿದ್ದು ಅವಳ ತಪ್ಪಿನಿಂದ. ನಾಳೆ ಅದು ಅಪ್ಪನ ಬಾಯಲ್ಲಿ, ತಮ್ಮನ ಎದುರಿಗೆ, ದಲ್ಲಾಳಿಯ ಎದುರಿಗೆ ಬಯಲಾಗುವುದಿತ್ತು. ಅದೂ ಗುಹೆಯ ಕೀಲಿಯನ್ನು ಯಾರ ಕೈಗೆ ಕೊಡುತ್ತೇನೆಂದು ಅಪ್ಪ ಹೇಳಲಿರುವ ದಿನವೇ.

ಮೆಟ್ಟಿಲ ತಿರುವಿನವರೆಗೆ ಬರಿಗಾಲಲ್ಲಿ ಇಳಿದು ನೋಡಿದಳು. ಅಪ್ಪ ಮೇಜಿನ ಮೇಲೆ ಲವಂಗದ ಭರಣಿ, ಕಾಫಿಪುಡಿಯ ಡಬ್ಬಿ, ಮೇಕೆಹಾಲಿನ ಹಳೆಯ ಚೀಸು, ದೀಪಕ್ಕೆ ಹಾಕುವ ಸೀಮೆಎಣ್ಣೆಯ ಸೀಸೆ ಎಲ್ಲವನ್ನೂ ತೆರೆದಿಟ್ಟುಕೊಂಡಿದ್ದ. ಒಂದೊಂದನ್ನೇ ಎತ್ತಿ ಮೂಗಿಗೆ ಒತ್ತಿ ಹಿಡಿದು ಎದೆಯುಬ್ಬುವಷ್ಟು ಎಳೆದುಕೊಳ್ಳುತ್ತಿದ್ದ, ಕೆಳಗಿಡುತ್ತಿದ್ದ. ಕಾಫಿಗೂ ಸೀಮೆಎಣ್ಣೆಗೂ ಅವನ ಮುಖ ಒಂದೇ ಆಗಿತ್ತು. ಕೊನೆಗೆ ಬಾಗಿಲ ಬಳಿಯ ಕಸದ ಬಕೆಟ್ಟಿನ ಮುಂದೆ ಮೊಣಕಾಲೂರಿ, ಮುಚ್ಚಳ ತೆಗೆದು, ಎರಡು ದಿನದ ಹಿಂದಿನ ಮೀನಿನ ತಲೆಗಳ ಮೇಲೆ ಮುಖವಿಟ್ಟು, ಗುಲಾಬಿಯನ್ನು ಮೂಸುವವನಂತೆ ನಿಧಾನವಾಗಿ ಉಸಿರೆಳೆದ. ಅರ್ಮೆಲ್ ನಿಂತಲ್ಲಿಗೂ ಆ ನಾತ ಬಡಿಯಿತು. ಅವನು ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಎದ್ದು, ಪ್ಯಾಂಟಿನ ಮೊಣಕಾಲ ಬಳಿಯ ಧೂಳು ಕೊಡವಿಕೊಂಡು, ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದ. ಹಾಸಿಗೆಗೆ ಹಿಂದಿರುಗಿದ ಮೇಲೆ ಅವಳು ತನ್ನೊಳಗೆ ಕನಿಕರವನ್ನು ಹುಡುಕಿದಳು. ಸಿಕ್ಕಿದ್ದು ಹಾಯೆನ್ನುವ ಒಂದು ಭಾವ ಮಾತ್ರ, ಹಲ್ಲುನೋವು ಹಠಾತ್ತನೆ ನಿಂತಾಗಿನಂಥದು. ಇಲಿ ಸಿಕ್ಕಿಬೀಳುವುದಿಲ್ಲ ಎಂದುಕೊಂಡಳು. ಎಂಬತ್ತು ದಾಟಿದ ತಂದೆ ಮೀನಿನ ತಲೆಗಳ ಮುಂದೆ ಮೊಣಕಾಲೂರಿದ್ದನ್ನು ಕಂಡು ಬಂದು ಹೀಗೆ ಅಂದುಕೊಳ್ಳುವವಳು ಎಂಥವಳು ಎಂಬ ಪ್ರಶ್ನೆಯೂ ಹಿಂದೆಯೇ ಬಂತು. ಆದರೆ ಆ ವಾರದಲ್ಲಿ ಮೊದಲ ಸಲ ಅವಳಿಗೆ ನಿದ್ದೆ ಹತ್ತಿತು.

ಬೆಳಿಗ್ಗೆ ಅವಳು ಹೊಸ ಕಾಫಿ ಮಾಡಲಿಲ್ಲ. ನಿನ್ನೆಯ ತಳದ ಕಾಫಿಯನ್ನೇ ಬಿಸಿಮಾಡಿ ಅಪ್ಪನ ಬೋಗುಣಿಗೆ ಸುರಿದಳು. ಕಂಡದ್ದು ಕನಸಲ್ಲವೆಂದು ಖಚಿತಪಡಿಸಿಕೊಳ್ಳಲು ಹೀಗೆ ಮಾಡುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡಳು. ತನಗೂ ಅದನ್ನೇ ಸುರಿದುಕೊಂಡು ಒಂದು ಗುಟುಕು ಕುಡಿದಳು. ಸುಟ್ಟ ಮರದ ಕಹಿ. ಅಪ್ಪ ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿಂದ, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದ, ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಬೋಗುಣಿಯನ್ನು ದೂರ ಸರಿಸಿ, “ನಿನ್ನೆಯ ಕಾಫಿ ಕುಡಿಸ್ತೀಯೇನೇ ನಂಗೆ?” ಅಂದ. ಹಾಗಾದರೆ ರಾತ್ರಿ ಕಂಡದ್ದೇನು? ಕ್ಷಮೆ ಕೇಳಿ, ಎದ್ದು ಹೊಸದಾಗಿ ನೀರಿಟ್ಟಳು. ಬೆನ್ನ ಹಿಂದೆ ಅಪ್ಪ, ಇವತ್ತಿನ ದಿನವಾದರೂ ಮನೆಯಲ್ಲಿ ಒಂದು ಕೆಲಸ ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ಗೊಣಗುತ್ತಿದ್ದ. ಅವಳ ಹೊಟ್ಟೆಯಲ್ಲಿ ಇಲಿ ಮತ್ತೆ ಓಡಾಡತೊಡಗಿತು.

ಲೋಟಗಳ ಬುಟ್ಟಿ ಹಿಡಿದು ಗುಡ್ಡದ ಬುಡದ ಗುಹೆಯ ಕಡೆ ನಡೆಯುವಾಗ ದ್ರಾಕ್ಷಿ ಬಳ್ಳಿಗಳು ಇನ್ನೂ ಬೋಳಾಗಿದ್ದವು. ಲ್ವಾರ್ ನದಿಯ ಕಡೆಯಿಂದ ಮಾರ್ಚ್ ತಿಂಗಳ ತೇವದ ಗಾಳಿ ಬೀಸುತ್ತಿತ್ತು. ಚಳಿಗಾಲದಲ್ಲಿ ಅವಳು ಜ್ವರ ಬಂದು ಮಲಗಿದ್ದಳು. ಪೀಪಾಯಿಯ ಮರ ಸ್ವಲ್ಪಸ್ವಲ್ಪವೇ ವೈನನ್ನು ಕುಡಿಯುತ್ತಿರುತ್ತದೆ. ಕುಡಿದಷ್ಟನ್ನು ಆಗಾಗ ತುಂಬದಿದ್ದರೆ ಒಳಗೆ ಗಾಳಿ ಸೇರುತ್ತದೆ, ಗಾಳಿಯ ಹಿಂದೆ ಇಲಿ. ಆ ಕೆಲಸ ಅವಳದು. ಜ್ವರದಲ್ಲಿ ತಮ್ಮ ತಿಬೊನನ್ನು ಕರೆದು, ಹೋಗಿ ಪೀಪಾಯಿ ತುಂಬಿಸಿ ಬಾ ಅನ್ನಬಹುದಿತ್ತು. ಅಂದಿದ್ದರೆ ಅವನು ನಗುನಗುತ್ತ ಹೋಗುತ್ತಿದ್ದ, ಮತ್ತೆ ಜೀವಮಾನವಿಡೀ ಹೇಳಿಕೊಳ್ಳುತ್ತಿದ್ದ, ಅಕ್ಕ ಮಲಗಿದ್ದಾಗ ಗುಹೆಯನ್ನೆಲ್ಲ ನಾನೇ ನೋಡಿಕೊಂಡೆ ಎಂದು. ಅದಕ್ಕೆ ಕರೆಯಲಿಲ್ಲ. ಜ್ವರ ಬಿಟ್ಟ ಮೇಲೆ ಎದ್ದು ಬಂದು ಎಲ್ಲವನ್ನೂ ತುಂಬಿಸಿದ್ದಳು, ಕೊನೆಯದೊಂದು ಮಾತ್ರ ಆಗಲೇ ಕೈಮೀರಿತ್ತು. ಚಿಕ್ಕವರಿದ್ದಾಗ ಭಾನುವಾರ ಊಟವಾದ ಮೇಲೆ ಅಪ್ಪ ಇಬ್ಬರ ಕಣ್ಣಿಗೂ ಕರವಸ್ತ್ರ ಕಟ್ಟಿ ಮೂಗಿನ ಮುಂದೆ ಏನೇನೋ ಹಿಡಿಯುತ್ತಿದ್ದ. ತಿಬೊ ಸೇಬನ್ನು ಈರುಳ್ಳಿ ಅನ್ನುತ್ತಿದ್ದ, ಮನೆಯೆಲ್ಲ ನಗುತ್ತಿತ್ತು, ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಅವಳು ಒದ್ದೆ ಸುಣ್ಣಕಲ್ಲು ಅನ್ನುತ್ತಿದ್ದಳು, ಹೋದ ವರ್ಷದ ಕ್ವಿನ್ಸ್ ಹಣ್ಣಿನ ಪಾಕ ಅನ್ನುತ್ತಿದ್ದಳು, ಅಮ್ಮನ ಕೈಗವಸಿನ ಒಳಭಾಗ ಅನ್ನುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಅಪ್ಪ ಗಂಟು ಬಿಚ್ಚುತ್ತ, “ನಾಯಿಗೂ ಮೂಗಿದೆ. ಯಾವ ನಾಯಿಗೂ ಯಾರೂ ಕೀಲಿ ಕೊಟ್ಟಿಲ್ಲ,” ಅಂದಿದ್ದ. ಆಗಲೂ ಮನೆಯೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು, ಅಳುತ್ತಿದ್ದಾಳೆ ಎಂದು ಯಾರಾದರೂ ಹೇಳುವ ಮೊದಲು.

ಗುಹೆಯ ಒಳಬಾಗಿಲನ್ನು ಅಪ್ಪನೇ ತೆರೆದ. ಆ ಕಬ್ಬಿಣದ ಕೀಲಿ ಅವನ ಸೊಂಟದಲ್ಲಿ ನೇತಾಡಿ ನೇತಾಡಿ ಪ್ರತಿ ಪ್ಯಾಂಟಿನ ಒಂದು ಕಡೆ ಸವೆದಿರುತ್ತಿತ್ತು. ಕೀಲಿ ಇದ್ದವರ ಮಾತೇ ಕೊನೆಯ ಮಾತು. ಯಾವ ಪೀಪಾಯಿಯ ವೈನು ಯಾವುದರ ಜೊತೆ ಸೇರಬೇಕೆಂದು ಹೇಳುವ ಹಕ್ಕು ಅದರ ಜೊತೆ ಬರುತ್ತದೆ. ಅಜ್ಜನಿಂದ ಅಪ್ಪನಿಗೆ ಬಂದದ್ದೂ ಇಂಥದೇ ದಿನ, ದಲ್ಲಾಳಿಯೊಬ್ಬನ ಸಾಕ್ಷಿಯಲ್ಲಿ. ತಿಬೊ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ. ಅವನ ಜೊತೆ ದಲ್ಲಾಳಿ ಪೆರಿನೆಲ್, ಒಬಿನೆ ಮನೆಯ ವೈನನ್ನು ಮೂವತ್ತು ವರ್ಷದಿಂದ ದೊಡ್ಡ ಊರುಗಳ ಅಂಗಡಿಗಳಿಗೆ ಮಾರಿಕೊಡುತ್ತಿರುವವನು. ಅಪ್ಪನ ನಾಲಿಗೆಯ ಕಥೆಗಳನ್ನು ವೈನಿನ ಜೊತೆಗೇ ಮಾರುತ್ತಿದ್ದವನು. ಅರ್ಮೆಲ್‌ಳನ್ನು ನೋಡಿ, “ಏನಮ್ಮಾ, ಇನ್ನೂ ಬದುಕಿದೀಯಾ? ಹಾಗಾದ್ರೆ ಹೋದ್ಸಲದ ವೈನಲ್ಲಿ ವಿಷ ಇರ್ಲಿಲ್ಲ ಬಿಡು,” ಅಂದ. ಆ ಮನೆಯಲ್ಲಿ ಸುರಿಯುವವಳೇ ಮೊದಲ ಗುಟುಕು ಕುಡಿಯುವುದು ಪದ್ಧತಿ. ಮನೆಯ ಹೆಂಗಸು ಪೀಪಾಯಿಯ ತೂತಿಗೆ ಗಾಜಿನ ನಳಿಗೆ ಇಳಿಸಿ ವೈನೆತ್ತುತ್ತಾಳೆ, ತನ್ನ ಲೋಟಕ್ಕೆ ನಾಲ್ಕು ಹನಿ ಬಿಟ್ಟುಕೊಂಡು ಬಾಯಲ್ಲಿ ಹೊರಳಿಸಿ ನೆಲದ ಕಾಲುವೆಗೆ ಉಗುಳುತ್ತಾಳೆ, ನಳಿಗೆ ಶುದ್ಧವಾಗಿದೆ ಎಂಬುದಕ್ಕೆ. ಆಮೇಲೆ ಯಜಮಾನನಿಗೆ, ಆಮೇಲೆ ಉಳಿದವರಿಗೆ. ಅವಳು ಮಾತಾಡುವಂತಿಲ್ಲ. ಯಜಮಾನ ಬಾಯಿ ತೆರೆಯುವವರೆಗೆ ಯಾರೂ ಮಾತಾಡುವಂತಿಲ್ಲ. ಅಮ್ಮ ಬದುಕಿರುವವರೆಗೆ ಅಮ್ಮ ಸುರಿಯುತ್ತಿದ್ದಳು. ಅಮ್ಮನ ಮುಖ ಗೋಡೆಯಂತಿತ್ತು, ಅಮೃತವಾದರೂ ಮೂತ್ರವಾದರೂ ಅಲುಗುತ್ತಿರಲಿಲ್ಲ. ಅಮ್ಮ ಹೋದ ಮೇಲೆ ನಳಿಗೆ ಅರ್ಮೆಲ್‌ಳ ಕೈಗೆ ಬಂತು.

“ಬೆಳಕಿಗೆ ಬಾರೇ,” ಅಂದ ಅಪ್ಪ. ಅವಳು ದೀಪದ ಕೆಳಗೆ ಸರಿದಳು. ಅಮ್ಮನ ಕಾಲದಲ್ಲಿ ಅಲ್ಲಿ ದೀಪವಿರಲಿಲ್ಲ. ಈಚಿನ ವರ್ಷಗಳಲ್ಲಿ ಅಪ್ಪನೇ ತಂತಿ ಎಳೆಸಿ ನೇತುಹಾಕಿಸಿದ್ದ. ಪ್ರತಿ ಪೀಪಾಯಿಯ ಬಳಿಗೂ ಅದನ್ನು ಕೊಂಡೊಯ್ದು ಕೊಕ್ಕೆಗೆ ಸಿಕ್ಕಿಸುವ ಕೆಲಸವೂ ಅವಳದೇ. ಆ ಬೆಳಕಲ್ಲಿ ನಿಂತಾಗೆಲ್ಲ ತಾನು ಯಾವುದೋ ಅಪರಾಧಕ್ಕೆ ವಿಚಾರಣೆಗೆ ನಿಂತಿದ್ದೇನೆ ಅನ್ನಿಸುತ್ತಿತ್ತು. ಅಪ್ಪನಿಗೆ ಬೇಕಾದದ್ದೂ ಅದೇ ಎಂದುಕೊಂಡಿದ್ದಳು. ನಿನ್ನ ಮುಖವೆಂದರೆ ಬೀದಿ ಬದಿಯ ಅಂಗಡಿಯ ಗಾಜು, ಒಳಗಿರುವುದೆಲ್ಲ ಹೊರಗೇ ಕಾಣುತ್ತದೆ, ನಿನ್ನನ್ನು ಕಟ್ಟಿಕೊಂಡು ವ್ಯಾಪಾರ ಮಾಡಿದರೆ ಮುಗಿಯಿತು ಎಂದು ಬಂದವರ ಎದುರಿಗೆಲ್ಲ ಅನ್ನುತ್ತಿದ್ದ. ಅವಳ ಗಂಡನಾಗಿದ್ದವನೂ ಬಿಟ್ಟುಹೋಗುವಾಗ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ: ನಾನು ಬಾಯಿ ತೆರೆಯುವ ಮೊದಲೇ ನಿನ್ನ ಮುಖ ನೊಂದುಕೊಂಡಿರುತ್ತದೆ, ಇದರ ಜೊತೆ ಯಾರು ಬಾಳುತ್ತಾರೆ. ಮೊದಲ ಪೀಪಾಯಿಯ ನಾಲ್ಕು ಹನಿ ಬಾಯಿಗೆ ಹಾಕಿಕೊಂಡಳು. ಒಳ್ಳೆಯದಿತ್ತು, ಹಸಿರು ಬಾದಾಮಿಯ ಸಿಪ್ಪೆ, ಅದರ ಹಿಂದೆ ಉಪ್ಪು. ಉಗುಳಿ ತಲೆಯೆತ್ತಿದಾಗ ಅಪ್ಪನ ಲೋಟ ಅವನ ತುಟಿಯ ಬಳಿಯಿತ್ತು, ಕಣ್ಣು ಲೋಟದ ಅಂಚಿನ ಮೇಲಿಂದ ಅವಳ ಮೇಲಿತ್ತು. ಚೆನ್ನಾಗಿದೆ ಅಂದ ಅಪ್ಪ. ತಿಬೊ ಚೆನ್ನಾಗಿದೆ ಅಂದ. ಪೆರಿನೆಲ್ ತಲೆಯಾಡಿಸಿದ. ಎರಡನೆಯದರಲ್ಲಿ ಹುಳಿ ತುಸು ಮುಂದಿತ್ತು, ಅವಳ ಕೆನ್ನೆ ತಾನಾಗಿ ಒಳಕ್ಕೆ ಎಳೆಯಿತು. ಹುಳಿ ಇನ್ನೂ ಎಳೆಯದು ಅಂದ ಅಪ್ಪ. ಹೌದು, ಎಳೆಯದು ಅಂದ ತಿಬೊ.

ಮೂರನೆಯ ಪೀಪಾಯಿಯ ಮುಂದೆ ಅವಳಿಗೆ ಕಾಫಿ ನೆನಪಾಯಿತು. ಬೆಳಿಗ್ಗೆ ಅವನು ಬೋಗುಣಿಯಿಂದ ಕುಡಿದದ್ದು, ತಲೆಯೆತ್ತಿದ್ದು, ಅವಳನ್ನು ನೋಡಿದ್ದು, ಅದಾದ ಮೇಲೆಯೇ ಮಾತಾಡಿದ್ದು. ಅವನು ರುಚಿ ನೋಡುತ್ತಿದ್ದುದು ತನ್ನ ಮುಖದಲ್ಲಿ. ಎಷ್ಟು ವರ್ಷದಿಂದ? ದೀಪ ಬಂದಾಗಿನಿಂದ. ಹೋದ ವರ್ಷ ಪತ್ರಿಕೆಯವರು ಬಂದು ಅಪ್ಪನ ನಾಲಿಗೆಯ ಬಗ್ಗೆ ಒಂದು ಪುಟ ಬರೆದಿದ್ದರು, ಅದನ್ನು ಚೌಕಟ್ಟು ಹಾಕಿಸಿ ಊಟದ ಕೋಣೆಯಲ್ಲಿ ತೂಗುಹಾಕಿತ್ತು, ಅದರ ಗಾಜನ್ನು ಶನಿವಾರ ಶನಿವಾರ ಅವಳೇ ಒರೆಸುತ್ತಿದ್ದಳು. ಮೂರನೆಯ ಪೀಪಾಯಿ ಅವಳಿಗೆ ಮಗುವಿನಂಥದು. ಗುಡ್ಡದ ತಲೆಯ ಮೇಲಿನ ಮುದಿ ಬಳ್ಳಿಗಳ ಶೆನಿನ್ ದ್ರಾಕ್ಷಿ, ಅವಳೇ ಕಿತ್ತು, ಅವಳೇ ಹಿಂಡಿಸಿ ತುಂಬಿಸಿದ್ದು. ಆ ವರ್ಷದ ಗುಹೆಯಲ್ಲಿ ಅದನ್ನು ಮೀರಿಸಿದ್ದು ಬೇರೆ ಇರಲಿಲ್ಲ. ನಾಲ್ಕು ಹನಿ ಬಾಯೊಳಗೆ ಹೋದವು. ಮಳೆ ಬಿದ್ದ ಸುಣ್ಣಕಲ್ಲು, ಪೇರಳೆ, ಹೂವಿನ ಜೇನಿನ ದೂರದ ನೆನಪು. ಅವಳು ಬೇಕೆಂದೇ ಮೂಗಿನ ಬುಡವನ್ನು ಸುಕ್ಕಾಗಿಸಿದಳು. ತುಟಿಯ ಒಂದು ಕೊನೆಯನ್ನು ಕೆಳಕ್ಕೆ ಎಳೆದಳು. ಬೇಗ ಉಗುಳಿ ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಅಪ್ಪ ಕುಡಿದ, ಬಾಯಲ್ಲಿ ಬಹಳ ಹೊತ್ತು ಹೊರಳಿಸಿದ, ಉಗುಳಿದ. “ಇದು ಹಾಳಾಗ್ತಿದೆ. ತೆಗೀರಿ,” ಅಂದ. ತಿಬೊನ ಹುಬ್ಬು ಅರೆಗಳಿಗೆ ಮೇಲೇರಿ ಇಳಿಯಿತು. ನನಗೂ ಏನೋ ಅನ್ನಿಸಿತು, ಹಿಂಬದಿಯಲ್ಲಿ, ಅಂದ. ಪೆರಿನೆಲ್ ಲೋಟದ ತಳದವರೆಗೆ ನಿಧಾನವಾಗಿ ಕುಡಿದು, ಉಗುಳದೆ ನುಂಗಿ, ಪಾಪ, ಇಂಥದನ್ನು ಬೇಕಾದರೆ ಬಿಸಾಡುವ ಬೆಲೆಗೆ ನಾನೇ ಸಾಗಿಸಿಬಿಡುತ್ತೇನೆ ಯಜಮಾನರೇ ಎಂದ. ಅಪ್ಪ ಸೀಮೆಸುಣ್ಣದಲ್ಲಿ ಅದರ ಹೊಟ್ಟೆಯ ಮೇಲೆ ಅಡ್ಡಗೆರೆ ಎಳೆದ.

ಅವಳಿಗೆ ಅಳು ಬರಬೇಕಿತ್ತು. ಅವಳ ಎದೆ ಹುಚ್ಚುಹುಚ್ಚಾಗಿ ಬಡಿದುಕೊಳ್ಳುತ್ತಿತ್ತು, ಕಳ್ಳತನ ಮಾಡಿ ಸಿಕ್ಕಿಬೀಳದೆ ತಿರುವು ದಾಟಿದ ಮಗುವಿನ ಎದೆಯಂತೆ. ಇಷ್ಟು ವರ್ಷ ಈ ಗುಹೆಯ ಮಾತೆಲ್ಲ ತನ್ನ ಕೆನ್ನೆ, ತನ್ನ ಹುಬ್ಬು, ತನ್ನ ತುಟಿಯಿಂದ ಹೊರಟು ಅವನ ಬಾಯಲ್ಲಿ ಸದ್ದಾಗುತ್ತಿತ್ತು. ನಂತರದ ಪೀಪಾಯಿಗಳಲ್ಲಿ ಅವಳು ತನ್ನ ಮುಖವನ್ನು ಹೊಸ ಪಾತ್ರೆಯನ್ನು ತಿರುಗಿಸಿ ನೋಡುವಂತೆ ತಿರುಗಿಸಿ ನೋಡಿದಳು. ಹುಬ್ಬನ್ನು ತುಸು ಎತ್ತಿದರೆ ಅಪ್ಪ ಇದರಲ್ಲಿ ಏನೋ ವಿಶೇಷವಿದೆ ಅನ್ನುತ್ತಿದ್ದ. ಕಣ್ಣನ್ನು ಕೆಳಗಿಳಿಸಿದರೆ ಸಾಧಾರಣ ಅನ್ನುತ್ತಿದ್ದ. ಒಮ್ಮೆ ಏನನ್ನೂ ತೋರಿಸದೆ ಅಮ್ಮನಂತೆ ಗೋಡೆಯಾಗಿ ನಿಂತಳು. ಅಪ್ಪ ಎರಡನೆಯ ಸಲ ಕುಡಿದ, ಮೂರನೆಯ ಸಲ ಕುಡಿದ, ಅವನ ಕಣ್ಣಲ್ಲಿ ಕಂಡದ್ದು ಎಂಥ ಗಾಬರಿಯೆಂದರೆ ಅವಳೇ ತಾಳಲಾರದೆ ಮುಗುಳ್ನಕ್ಕುಬಿಟ್ಟಳು. “ಹೂಂ. ಇರಲಿ ಇದು,” ಅಂದ ಅಪ್ಪ, ಉಸಿರುಬಿಟ್ಟು.

ಕೊನೆಯ ಪೀಪಾಯಿಗೆ ದೀಪವನ್ನು ಸಿಕ್ಕಿಸುವಾಗ ಅವಳಿನ್ನೂ ಏನನ್ನೂ ನಿಶ್ಚಯಿಸಿರಲಿಲ್ಲ. ಸತ್ಯವನ್ನು ಮುಖದ ಮೇಲೆ ಬಿಟ್ಟರೆ ಅಪ್ಪ ಇಲಿ ಅನ್ನುತ್ತಾನೆ, ಯಾರು ತುಂಬಿಸದೆ ಬಿಟ್ಟವರು ಅನ್ನುತ್ತಾನೆ, ಅಲ್ಲಿಗೆ ಕೀಲಿಯ ಆಸೆ ಮುಗಿಯಿತು. ಆದರೆ ವೈನು ಉಳಿಯುತ್ತದೆ. ಗೋಡೆಯಂತೆ ನಿಂತರೆ ಅವನು ತಡವರಿಸುತ್ತಾನೆ, ಬಹುಶಃ ಎಲ್ಲರ ಎದುರಿಗೆ. ಹನಿಗಳು ನಾಲಿಗೆಯ ಮೇಲೆ ಬಿದ್ದವು. ಮೊದಲಿಗೆ ಏನೂ ಇಲ್ಲ, ಎಷ್ಟು ಮುದ್ದಾದ ವೈನು, ದುಂಡಗೆ, ಬೆಣ್ಣೆಯಂತೆ. ಉಗುಳಿದಳು. ಅಪ್ಪನ ಕಣ್ಣು ಅವಳ ಮೇಲೆ ಕೂತಿತ್ತು, ಬಟ್ಟಲಿನ ಮುಂದೆ ಕೂತ ಬೆಕ್ಕಿನ ಕಣ್ಣಿನ ಹಾಗೆ. ಬರುತ್ತದೆ ಈಗ, ಬರುತ್ತದೆ ಎಂದು ಕಾಯುತ್ತ ಅವಳು ಕಣ್ಣು ಮುಚ್ಚಿದಳು. ಬಂತು. ಹಳೆಯ ಪಂಜರದ ಒದ್ದೆ ಹೊಟ್ಟು, ರೋಮ, ಇಲಿಯ ಮೂತ್ರ, ಗಂಟಲಿನಿಂದ ಏರಿ ಅಂಗುಳಿಗೆ ಹರಡಿತು. ಅವಳು ತುಟಿಗಳನ್ನು ಸಡಿಲ ಬಿಟ್ಟಳು. ಹಣೆಯ ಗೆರೆಗಳನ್ನು ಒಂದೊಂದಾಗಿ ಇಳಿಸಿದಳು. ಯಾರೋ ಬಹಳ ದಿನಕ್ಕೆ ತಲೆ ನೇವರಿಸಿದಂತೆ ಕುತ್ತಿಗೆಯನ್ನು ತುಸು ಹಿಂದಕ್ಕೆ ವಾಲಿಸಿ, ನಿಧಾನವಾಗಿ ಕಣ್ಣು ತೆರೆದಳು. ಇದನ್ನು ಎಲ್ಲಿ ಕಲಿತೆ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ಸೊಗಸಾಗಿ ಬಂದಿತ್ತು.

ಅಪ್ಪ ಕುಡಿದ. ತಲೆಯೆತ್ತಿ ಸುಣ್ಣಕಲ್ಲಿನ ಚಾವಣಿಯನ್ನು ನೋಡಿದ. ಉಗುಳಲು ಮನಸ್ಸಿಲ್ಲದವನಂತೆ ಉಗುಳಿ, ಇಂಥದನ್ನು ತಾನು ತನ್ನ ಅಪ್ಪನ ಕಾಲದಲ್ಲಿ ಒಂದೇ ಒಂದು ಸಲ ಕುಡಿದಿದ್ದೆ ಅಂದ. ಕ್ವಿನ್ಸ್ ಹಣ್ಣು ಅಂದ, ಮಳೆ ಬಿದ್ದ ಸುಣ್ಣಕಲ್ಲು ಅಂದ, ಹೂವಿನ ಜೇನು ಅಂದ, ಮದುವೆಯ ದಿನ ಬೆಳಿಗ್ಗೆ ಒಗೆದು ಹರವಿದ ಬಟ್ಟೆ ಅಂದ. ಅವನು ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ತಿಬೊಗೆ ಯಾವಾಗಲೂ ಅವಸರ. ಬಾಯಿಗೆ ಹಾಕಿ, ಉಗುಳಿ, ತುಟಿಯ ಮೇಲಿನ್ನೂ ಹನಿಯಿರುವಾಗಲೇ, “ಅದ್ಭುತ ಅಪ್ಪಾ, ಇದೇ ಈ ವರ್ಷದ ಪ್ರಾಣ,” ಅಂದುಬಿಟ್ಟ. ಪೆರಿನೆಲ್, ಯಜಮಾನರ ನಾಲಿಗೆಗೆ ಸಾಟಿಯಿಲ್ಲ ಎಂದು ಲೋಟವನ್ನು ದೀಪಕ್ಕೆ ಎತ್ತಿ ಹಿಡಿದ. ಅರ್ಮೆಲ್ ಇಬ್ಬರನ್ನೂ ನೋಡುತ್ತ ನಿಂತಳು. ಇಲಿ ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ಮೊದಲು ತಿಬೊನ ದವಡೆ ನಿಂತಿತು. ಆಮೇಲೆ ಅವನ ಗಂಟಲ ಗಂಟು ಮೇಲೆ ಹೋಯಿತು, ಅಲ್ಲೇ ನಿಂತಿತು. ಅವನು ಅಪ್ಪನನ್ನು ನೋಡಿದ, ಲೋಟವನ್ನು ನೋಡಿದ, ನೆಲವನ್ನು ನೋಡಿದ. ಪೆರಿನೆಲ್ ಎತ್ತಿದ ಲೋಟವನ್ನು ಇಳಿಸಿ, ಕೆಮ್ಮಿ, ಬುಟ್ಟಿಯಲ್ಲಿ ಬ್ರೆಡ್ಡೇನಾದರೂ ಇದೆಯೇನಮ್ಮಾ ಎಂದು ಕೇಳಿದ. ಕೊಟ್ಟಳು. ಇಬ್ಬರೂ ಬ್ರೆಡ್ಡನ್ನು ಅಗಿದರು. ಆಡಿದ ಮಾತನ್ನು ನುಂಗುವುದಕ್ಕಿಂತ ಇಲಿಯನ್ನು ನುಂಗುವುದು ಸುಲಭ ಎಂದು ಇಬ್ಬರ ಮುಖದ ಮೇಲೂ ಬರೆದಿತ್ತು. ಅಪ್ಪ ಆ ಪೀಪಾಯಿಯ ಮೇಲೆ ದೊಡ್ಡ ಶಿಲುಬೆಯ ಗುರುತು ಹಾಕಿ, ಎಲ್ಲವನ್ನೂ ಬೆರೆಸುವ ತೊಟ್ಟಿಗೆ ಮೊದಲು ಹೋಗಬೇಕಾದದ್ದು ಇದೇ, ಉಳಿದವೆಲ್ಲ ಇದರ ಮೇಲೆ ಅಂದ.

ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿದ. ಕೊಂಡಿ ಬಿಡದಾಗ ಅರ್ಮೆಲ್ ತಾನಾಗಿ ಮುಂದೆ ಬಂದು ಬಿಡಿಸಿಕೊಟ್ಟಳು. ಒಂದು ಗಳಿಗೆ ಕೀಲಿ ಅವಳ ಅಂಗೈಯಲ್ಲೇ ಇತ್ತು, ಅಪ್ಪನ ಮೈಯ ಬಿಸಿ ಹಿಡಿದು. ಅಪ್ಪ ಅದನ್ನು ಅವಳ ಕೈಯಿಂದ ಎತ್ತಿಕೊಂಡು ತಿಬೊಗೆ ಕೊಟ್ಟ. ಇವತ್ತು ಒಂದು ಪೀಪಾಯಿಯಲ್ಲೂ ಇವನ ನಾಲಿಗೆ ನನ್ನ ನಾಲಿಗೆಗಿಂತ ಬೇರೆ ಹೇಳಲಿಲ್ಲ, ನೀವೇ ಸಾಕ್ಷಿ ಎಂದು ಪೆರಿನೆಲ್‌ಗೆ ಹೇಳಿದ. ಪೆರಿನೆಲ್ ಬ್ರೆಡ್ಡು ತುಂಬಿದ ಬಾಯಲ್ಲಿ ಹೌದು ಹೌದು ಅಂದ. ತಿಬೊ ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಾಗ ಕೋಟು ಒಂದು ಬದಿಗೆ ಜೋಲಿತು. ಅವನು ಅಕ್ಕನ ಕಡೆ ನೋಡಲಿಲ್ಲ. ಊಟಕ್ಕೆ ನಡೆಯಿರಿ, ನಾನೂ ಇವಳೂ ಪಂಪು ಹಚ್ಚಿ ಬರುತ್ತೇವೆ ಎಂದು ಅಪ್ಪ ಇಬ್ಬರನ್ನೂ ಕಳಿಸಿದ. ತಿಬೊ ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದ; ಪೆರಿನೆಲ್ ಅವನ ತೋಳು ಹಿಡಿದು ಕರೆದುಕೊಂಡು ಹೋದ.

ಅವಳು ಕೊನೆಯ ಪೀಪಾಯಿಗೆ ಕೊಳವೆ ಇಳಿಸಿದಳು. ಇನ್ನೊಂದು ತುದಿಯನ್ನು ತೊಟ್ಟಿಗೆ ಬಿಗಿದಳು. ಅಪ್ಪ ಮಗುಚಿದ ಬುಟ್ಟಿಯ ಮೇಲೆ ಕೂತಿದ್ದ. ಕೀಲಿಯಿಲ್ಲದ ಸೊಂಟವನ್ನು ಕೈ ಹುಡುಕುತ್ತಿತ್ತು.

“ನಂಗೇನೂ ಬರಲ್ಲ ಕಣೇ,” ಅಂದ.

ಅವಳು ಕೊಳವೆಯ ತಿರುಪನ್ನು ಇನ್ನೊಂದು ಸುತ್ತು ಬಿಗಿದಳು.

“ವಾಸನೆ. ರುಚಿ. ಯಾವುದೂ ಇಲ್ಲ. ನಿಮ್ಮಮ್ಮ ಹೋದ ಚಳಿಗಾಲದಲ್ಲಿ ಹೋಯ್ತು, ತಿರುಗಿ ಬರ್ಲಿಲ್ಲ. ಹುಳಿ ಗೊತ್ತಾಗತ್ತೆ, ಉಪ್ಪು ಗೊತ್ತಾಗತ್ತೆ, ಅಷ್ಟೆ. ರಾತ್ರಿ ನೀನು ಮೆಟ್ಟಿಲ ಮೇಲೆ ನಿಂತಿದ್ದೆ. ಮರದ ಸದ್ದು ಕೇಳಿಸ್ತು ನಂಗೆ.”

ಇಷ್ಟು ವರ್ಷ ನಡೆದದ್ದೆಲ್ಲ ಅವಳ ಮುಖದಿಂದಲೇ ಅಂದ. ಈ ಮನೆಯಲ್ಲಿ ಸುಳ್ಳು ಹೇಳಲು ಬಾರದ್ದು ಅದೊಂದೇ ಅಂದ. ಪತ್ರಿಕೆಯವರು ಬಂದ ದಿನ ಅವಳಿಗೆ ಶೀತವಾಗಿ ಮೂಗು ಕಟ್ಟಿದ್ದಾಗ ತಾನು ಸತ್ತೇ ಹೋಗಿದ್ದೆ ಎಂದು ಹೇಳಿ ನಕ್ಕ. ಅವಳೂ ತುಸು ನಕ್ಕಳು, ಹಳೆಯ ಅಭ್ಯಾಸದಿಂದ. ಅವಳೊಳಗೆ ಏನೋ ಸಡಿಲವಾಗತೊಡಗಿತ್ತು. ಇವನು ಇನ್ನೊಂದು ಮಾತು ಆಡಿದರೆ ಸಾಕು, ಪಂಪಿನ ಗುಂಡಿಯಿಂದ ಕೈ ತೆಗೆದು ಅಪ್ಪಾ ಇದರಲ್ಲಿ ಇಲಿ ಇದೆ, ತಪ್ಪು ನನ್ನದು ಎಂದು ಹೇಳಿಬಿಡುತ್ತೇನೆ ಅನ್ನಿಸಿತು. ಯಾವ ಮಾತು ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೆ ದಾರಿ ಮಾಡಿಕೊಡಲೆಂದೇ ಕೇಳಿದಳು.

“ಹಾಗಿದ್ರೆ ಕೀಲಿ?”

“ಕೀಲಿ ಅವನ ಹತ್ರ ಇರಲಿ. ಅವನು ನಗ್ತಾನೆ, ಮಾತಾಡ್ತಾನೆ, ಜನಕ್ಕೆ ಅದು ಬೇಕು. ನೀನು ಅವನೆದುರಿಗೆ ನಿಂತು ಸುರಿ. ದೀಪ ನಿನ್ನ ಮೇಲಿರ್ಲಿ ಅಂತ ಅವನಿಗೆ ಹೇಳಿಟ್ಟಿದೀನಿ. ಯಾಕೆ ಅಂತ ಹೇಳಿಲ್ಲ, ಅವನಿಗೇ ತಿಳಿಯತ್ತೆ. ನೀನಾದ್ರೂ ಇನ್ನೆಲ್ಲಿಗೆ ಹೋಗ್ತೀಯಾ?” ಅವನು ಇದನ್ನು ಕೆಟ್ಟದಾಗಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳಿದಂತೆ ಹೇಳಿದ. ಆಮೇಲೆ ಧ್ವನಿ ತಗ್ಗಿಸಿ, ಮುಂದಕ್ಕೆ ಬಾಗಿ, ಔತಣಕ್ಕೆ ಹೋಗಿ ಬಂದವರನ್ನು ಹಸಿದವನು ಕೇಳುವಂತೆ ಕೇಳಿದ: “ಕೊನೇದು ಹೇಗಿತ್ತೇ? ನಿನ್ನ ಮುಖ ಹಾಗೆ ಅರಳಿದ್ದು ನಾನು ಯಾವತ್ತೂ ನೋಡಿಲ್ಲ. ನಾನೇನೋ ಬಾಯಿಗೆ ಬಂದಿದ್ದು ಹೇಳ್ದೆ. ನಿಜವಾಗ್ಲೂ ಹೇಗಿತ್ತು, ಹೇಳು.”

ಅವಳು ಹೇಳಿದಳು. ಕ್ವಿನ್ಸ್ ಹಣ್ಣು ಅಂದಳು, ಚೆನ್ನಾಗಿ ಮಾಗಿದ್ದು, ಆದರೆ ಸಿಪ್ಪೆ ಸುಲಿಯದ್ದು. ಮಳೆ ನಿಂತ ಮೇಲಿನ ಸುಣ್ಣಕಲ್ಲು, ಅಪ್ಪ ಹೇಳಿದ್ದೇ ಸರಿ. ಪೇರಳೆ. ಅದೆಲ್ಲ ಆದ ಮೇಲೆ, ಬಾಯಿ ಖಾಲಿಯಾದ ಮೇಲೆ, ಇನ್ನೊಂದು ಬರುತ್ತದೆ ಅಪ್ಪಾ, ತಡವಾಗಿ, ಹೋಗುವುದೇ ಇಲ್ಲ ಅಂದಳು. ಹೌದೇ, ಹೌದೇ ಅನ್ನುತ್ತ ಅಪ್ಪ ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಗಳ ಕೆಳಗೆ ಗುಡ್ಡೆಗಳು ಹೊರಳುತ್ತಿದ್ದವು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಅವಳ ಮುಖವನ್ನು ನೋಡುತ್ತಿರಲಿಲ್ಲ. ಅದು ಆಗ ಹೇಗಿತ್ತೋ ಅವಳಿಗೂ ತಿಳಿಯದು. ಅವಳು ಗುಂಡಿ ಒತ್ತಿದಳು. ಕೊಳವೆ ಒಮ್ಮೆ ಅದುರಿ ಉಬ್ಬಿತು. ಇಲಿ ಹತ್ತಿದ ವೈನು ತೊಟ್ಟಿಯ ತಳಕ್ಕೆ ಬೀಳುವ ಸದ್ದು, ಅದು ಮುಗಿದ ಮೇಲೆ ಅದರ ಮೇಲೆ ಮೊದಲನೆಯದು, ಎರಡನೆಯದು, ಮೂರನೆಯದೊಂದನ್ನು ಬಿಟ್ಟು ಎಲ್ಲವೂ ಒಂದಾದ ಮೇಲೊಂದು ಬೀಳುವ ಸದ್ದು ಗುಹೆಯನ್ನು ತುಂಬಿತು. ಪೂರ್ತಿಯಾಗುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಮನೆಯ ಅಂಗಳದಲ್ಲಿ ತಿಬೊ ಸಿಗರೇಟು ಹಿಡಿದು ಕಾಯುತ್ತಿದ್ದ. ಅಪ್ಪ ಒಳಗೆ ಹೋಗಲಿ ಎಂದು ಬಿಟ್ಟು, ಅವಳ ಪಕ್ಕಕ್ಕೆ ಬಂದು, ಮೆಲ್ಲಗೆ, “ಕೊನೇದನ್ನೂ ಹಾಕಿಬಿಟ್ಯಾ?” ಅಂದ.

“ಈ ವರ್ಷದ ಪ್ರಾಣ ಅಂದೆಯಲ್ಲ.”

ಅವನ ಮುಖ ಬಿಳಿಚಿಕೊಂಡಿತು. ಈಗ ಬಯ್ಯಬೇಕೆಂದರೂ ಅವನು ಮೊದಲು ಒಪ್ಪಿಕೊಳ್ಳಬೇಕಾದದ್ದು ಬಹಳವಿತ್ತು. ಜೇಬಿನ ಮೇಲಿಂದ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಸಿಗರೇಟನ್ನು ನೆಲಕ್ಕೆ ಹಾಕಿ ತುಳಿದು ಒಳಗೆ ಹೋದ. ಬೇಸಗೆಯಲ್ಲಿ ಬಾಟಲಿ ತುಂಬುತ್ತದೆ, ಹಳೆಯ ಹೆಸರು ಹೊತ್ತು ಊರೂರಿಗೆ ಹೋಗುತ್ತದೆ, ಶರತ್ಕಾಲ ಮುಗಿಯುವ ಮೊದಲು ಪೆಟ್ಟಿಗೆಗಳು ಹಿಂದಿರುಗಿ ಬರುತ್ತವೆ. ಆಗ ಮನೆ ಯಾರನ್ನು ಹಿಡಿದುಕೊಳ್ಳುತ್ತದೆ? ಹೌದೆಂದವರನ್ನು. ಅವಳು ಅಂದು ಗುಹೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಪದ್ಧತಿಯಂತೆ ಆಡುವಂತೆಯೇ ಇರಲಿಲ್ಲ. ಮುದಿ ಬಳ್ಳಿಗಳ ಆ ಮೂರನೆಯ ಪೀಪಾಯಿ ಮಾತ್ರ ಪೆರಿನೆಲ್‌ನ ಕೈಯಲ್ಲಿ ಬೇರೆ ಯಾರದೋ ಹೆಸರು ಹೊತ್ತು ಎಲ್ಲೋ ಚೆನ್ನಾಗಿ ಬದುಕುತ್ತದೆ. ಅದನ್ನು ನೆನೆದಾಗ ಎದೆಯಲ್ಲಿ ಸಣ್ಣಗೆ ಕಿವುಚಿದಂತಾಯಿತು. ಅಷ್ಟೆ.

ಮೇಜಿನ ಮೇಲೆ ಹುರಿದ ಕೋಳಿ, ಆಲೂಗಡ್ಡೆ, ಹೋದ ವರ್ಷದ ವೈನು. ಅವಳು ಎಲ್ಲರಿಗೂ ಬಡಿಸಿ ಕೂತಳು. ಪೆರಿನೆಲ್ ತಿನ್ನತೊಡಗಿದ್ದ, ತಿಬೊ ತಟ್ಟೆಯನ್ನೇ ನೋಡುತ್ತಿದ್ದ. ಅಪ್ಪ ಫೋರ್ಕನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ, ಕಣ್ಣು ಅವಳ ಮೇಲೆ. ಅವಳು ಮೊದಲ ತುತ್ತು ತಿನ್ನದೆ ಅವನು ತಿನ್ನಲಾರ ಎಂಬುದು ಆಗ ಅವಳಿಗೆ ಹೊಳೆಯಿತು. ಕೋಳಿ ಬೆಂದಿದೆಯೋ, ಉಪ್ಪಿನ ಹಿಂದೆ ಏನಿದೆಯೋ, ಇದು ಊಟವೋ ಅಲ್ಲವೋ ಅವಳ ಮುಖ ಹೇಳಬೇಕು. ಅವಳು ಕರವಸ್ತ್ರವನ್ನು ನಿಧಾನವಾಗಿ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡಳು. ಬ್ರೆಡ್ಡು ಮುರಿದಳು. ನೀರು ಸುರಿದುಕೊಂಡಳು. ಊಟ ಆರುತ್ತಿತ್ತು. ಇಲಿಯ ವಿಷಯ ಯಾರಿಗೂ ಹೇಳುವುದಿಲ್ಲ, ಅಪ್ಪನ ಮೂಗಿನ ವಿಷಯವನ್ನೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಒಂದೊಂದನ್ನೂ ಅದರದರ ಜಾಗದಲ್ಲಿ ಇಡುತ್ತ ಬಂದಳು. ಈ ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ ಎಂಬುದನ್ನಂತೂ ಯಾರಿಗೂ, ಸಾಯುವಾಗ ಪಾದ್ರಿಗೂ, ಹೇಳಬಾರದೆಂದು ನಿಶ್ಚಯಿಸಿ ಫೋರ್ಕನ್ನು ಎತ್ತಿಕೊಂಡಳು.